ಹಳೆಮನೆಯ ಮಾಡಿಗೂ ದುಡ್ಡು ಬೇಕು

ಮಾನ್ಯರೇ,

ಉಡುಪಿ ಭಾಗದ ಹಳೆಯ ಗುತ್ತಿನ ಮನೆಗಳನ್ನು (ತುಳುನಾಡಿನ ಪ್ರಮುಖ ಮನೆತನಗಳ ದೊಡ್ಡ ಮನೆಗಳನ್ನು) ಉಳಿಸಲು ಹೊರಟ ಸ್ವಯಂಸೇವಕರ ಸಣ್ಣ ಟ್ರಸ್ಟ್‌ಗಳಿಗೆ ನಿರ್ವಹಣೆಯ ಖರ್ಚೇ ದೊಡ್ಡ ತಲೆನೋವು. ಉದ್ಘಾಟನೆಗೆ ದಾನಿಗಳು ಸಿಗುತ್ತಾರೆ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಮಾಡಿನ (ಚಾವಣಿಯ) ಹೆಂಚು ಕೈಯಾಡಿಸಲು, ಹೆಂಚಿನ ಕೆಳಗಿನ ಗೆದ್ದಲು ಹಿಡಿದ ಮರದ ಪಕ್ಕಾಸು ಬದಲಿಸಲು ಯಾರು ಕೊಡುತ್ತಾರೆ? ಪಕ್ಕಾಸಿನ ಮೇಲೆ ದಾನಿಯ ಹೆಸರು ಬರೆಸಲು ಆಗುವುದಿಲ್ಲ ಅಲ್ವಾ! ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ಸಂಬಳದಾರರಿಗೆ ದಾನಕ್ಕೆ ಸಿಗುವ ತೆರಿಗೆ ವಿನಾಯಿತಿಯೂ ಇಲ್ಲ. ಆದರೆ 2013ರ ಕಂಪನಿ ಕಾಯ್ದೆ ಪ್ರಕಾರ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣವನ್ನು ಐತಿಹಾಸಿಕ ಕಟ್ಟಡಗಳ ದುರಸ್ತಿಗೂ ಬಳಸಬಹುದು. ಮಂಗಳೂರು, ಮಣಿಪಾಲದ ದೊಡ್ಡ ಕಂಪನಿಗಳು ಒಂದೊಂದು ಮನೆಯ ಮಾಡಿನ ಖರ್ಚನ್ನು ಐದು ವರ್ಷಕ್ಕೆ ವಹಿಸಿಕೊಳ್ಳಲಿ. ಟ್ರಸ್ಟ್‌ನವರೂ ವರ್ಷದ ಲೆಕ್ಕವನ್ನು ಚಾವಡಿಯಲ್ಲೇ ತೂಗುಹಾಕಲಿ.

– ಓದುಗ, ಉಡುಪಿ