ಮಾರು, ಆದರೆ ಮಾಡಿದವರ ಹೆಸರು ಅಳಿಸಬೇಡ

ಪೆರ್ಲ, ಸೋಮವಾರ ರಾತ್ರಿ

ಪ್ರೀತಿಯ ಪುಟ್ಟನಿಗೆ ಮಾವನ ಆಶೀರ್ವಾದಗಳು.

ನಿನ್ನ ಅಮ್ಮ ಬೆಳಗ್ಗೆ ಫೋನ್ ಮಾಡಿದ್ದಳು. ಉಪ್ಪಳದ ಅಂಗಡಿಯಲ್ಲಿ ನೀನು ಮಾರುವ ಬಿಲ್ಲಿಂಗ್ ಸಾಫ್ಟ್‌ವೇರ್ ಯಾರೋ ಮಾಡಿ ಇಂಟರ್ನೆಟ್ಟಿನಲ್ಲಿ ಬಿಟ್ಟದ್ದಂತೆ, ಅದು ಕಳ್ಳ ಕಾಪಿ, ಪೊಲೀಸ್ ಬರ್ತಾರೆ ಅಂತ ಪಕ್ಕದವರು ಹೆದರಿಸಿದರಂತೆ. ಅವಳಿಗೆ ನಿದ್ದೆಯಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳಿ 'ಆಯ್ತು ಮಾವ' ಅಂತೀಯ, ಅದಕ್ಕೆ ಬರೆಯುತ್ತಿದ್ದೇನೆ.

ಮಾರಿದ್ದು ತಪ್ಪಲ್ಲ ಮಾರಾಯ. ಆ ಹೆದರಿಕೆ ಬಿಡು. ನೀನು ಮಾರಿದ್ದು ಫ್ರೀ ಸಾಫ್ಟ್‌ವೇರ್. ಹಾಗಂದರೆ ಪುಕ್ಕಟೆ ಅಂತ ಅರ್ಥವಲ್ಲ, ಸ್ವತಂತ್ರ ಅಂತ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದು. ಅದನ್ನು ಶುರು ಮಾಡಿದ ರಿಚರ್ಡ್ ಸ್ಟಾಲ್ಮನ್ ಅವರೇ 1985ರಲ್ಲಿ ತಮ್ಮ ಈಮ್ಯಾಕ್ಸ್ ಎಡಿಟರಿನ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು. ಎಷ್ಟು ಬೇಕಾದರೂ ಬೆಲೆ ಇಡಬಹುದು ಅಂತ ಜಿಪಿಎಲ್ ಲೈಸೆನ್ಸಿನಲ್ಲೇ, ಅಂದರೆ ಇಂಥ ಸಾಫ್ಟ್‌ವೇರ್ ಹಂಚುವ ಷರತ್ತಿನ ಪತ್ರದಲ್ಲೇ, ಬರೆದಿದೆ. ನೀನು ತೆಗೆದುಕೊಂಡ ಮೂರು ಸಾವಿರ ನಿನ್ನ ದುಡಿಮೆಯದ್ದು.

ಆದರೆ ಇವತ್ತು ಮಧ್ಯಾಹ್ನ ಬದಿಯಡ್ಕದ ಅಡಿಕೆ ಅಂಗಡಿಗೆ ಹೋಗಿ ನೀನು ಹಾಕಿ ಕೊಟ್ಟದ್ದನ್ನು ನೋಡಿದೆ. 'ಅಬೌಟ್' ಒತ್ತಿದರೆ ನಿನ್ನ ಅಂಗಡಿಯ ಹೆಸರು, ನಿನ್ನ ನಂಬರು, ಕೆಳಗೆ ಕೆಂಪಕ್ಷರದಲ್ಲಿ 'ಕಾಪಿ ಮಾಡುವುದು ಅಪರಾಧ'. ಫೋಲ್ಡರ್ ತೆರೆದರೆ ಲೈಸೆನ್ಸಿನ ಫೈಲಿಲ್ಲ, ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂನ ಮೂಲ ಬರಹ, ಅದೂ ಇಲ್ಲ. ಭಾಷೆಯ ಒಂದು ಫೈಲಿನ ತಲೆಯಲ್ಲಿ ಮಾತ್ರ ಅಳಿಸಲು ಮರೆತ ಎರಡು ಸಾಲು ಉಳಿದಿತ್ತು. ಬರೆದವನ ಹೆಸರು, ಜಿಪಿಎಲ್ ಆವೃತ್ತಿ 3. ಅದನ್ನು ನೋಡಿ ನನಗೆ ಹೊಟ್ಟೆಯೊಳಗೆ ಏನೋ ಆಯಿತು.

ಯಾಕೆ ಅಂತ ನಿನಗೆ ಗೊತ್ತಿಲ್ಲ. ನಾನು ಶಾಲೆಯಲ್ಲಿದ್ದಾಗ ಮಕ್ಕಳಿಗಾಗಿ ಕನ್ನಡ ಟೈಪಿಂಗ್ ಕಲಿಸುವ ಸಣ್ಣ ಪ್ರೋಗ್ರಾಂ ಮಾಡಿದ್ದೆ. ಎರಡು ಬೇಸಿಗೆ ರಜೆ ಅದರಲ್ಲೇ ಹೋಯಿತು. ಯಾರು ಬೇಕಾದರೂ ಬಳಸಲಿ ಅಂತ ಜಿಪಿಎಲ್‌ನಲ್ಲಿ ಬಿಟ್ಟೆ. ಮುಂದೊಂದು ದಿನ ಒಂದು ಅಂಗಡಿಯಲ್ಲಿ ಅದರದ್ದೇ ಸಿಡಿ ಕಂಡು ಖುಷಿಯಿಂದ ಕೊಂಡುಕೊಂಡೆ, ಮನೆಗೆ ಬಂದು ನಿನ್ನ ಅತ್ತೆಗೆ ತೋರಿಸಬೇಕೂಂತ ತೆರೆದರೆ ನನ್ನ ಹೆಸರಿದ್ದ ಜಾಗದಲ್ಲಿ ಬೇರೆಯವರ ಹೆಸರು. ಅವರು ದುಡ್ಡು ಮಾಡಿದ್ದಕ್ಕೆ ಒಂದು ಚೂರೂ ಬೇಸರ ಆಗಿರಲಿಲ್ಲ. ಯಕ್ಷಗಾನದ ಮೇಳದವರು ಟಿಕೆಟ್ ಇಟ್ಟು ಆಟ ಆಡಿಸಿದರೂ ಹ್ಯಾಂಡ್‌ಬಿಲ್ಲಿನಲ್ಲಿ ಪ್ರಸಂಗ ಬರೆದವರ ಹೆಸರು ಹಾಕುತ್ತಾರೆ, ಅಲ್ವಾ?

ಇದು ಬರೀ ಮನಸ್ಸಿನ ನೋವಿನ ಮಾತಲ್ಲ, ಕಾನೂನಿನದ್ದೂ ಹೌದು. ಅಮೆರಿಕದಲ್ಲಿ ಜೇಕಬ್‌ಸನ್ ಎಂಬವರು ಆಟಿಕೆ ರೈಲು ಓಡಿಸುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಮಾಡಿದ್ದರು. ಇನ್ನೊಬ್ಬರು ಅದರ ಫೈಲುಗಳನ್ನು ತೆಗೆದು, ಹೆಸರು, ಕಾಪಿರೈಟ್ ಸಾಲು ಬಿಟ್ಟು ತಮ್ಮ ಮಾಲಿನಲ್ಲಿ ಸೇರಿಸಿದರು. ಪುಕ್ಕಟೆ ಕೊಟ್ಟದ್ದಾದರೂ ಷರತ್ತು ಷರತ್ತೇ, ಮುರಿದರೆ ಕಾಪಿರೈಟ್ ಉಲ್ಲಂಘನೆ ಆಗಬಹುದು ಅಂತ 2008ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಹೇಳಿತು. ನಮ್ಮಲ್ಲೂ 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂಗೆ ಅನ್ವಯಿಸುತ್ತದೆ. ಗೊತ್ತಿದ್ದೂ ಉಲ್ಲಂಘಿಸಿದರೆ 63ನೇ ಸೆಕ್ಷನ್ನಿನಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ಇದೆ.

ಸಾಫ್ಟ್‌ವೇರಿನ ಹೆಸರು ಬದಲಿಸಿದ್ದಕ್ಕೆ ನಾನು ಬಯ್ಯುವುದಿಲ್ಲ. ಹೆಸರು, ಲೋಗೋ ಎಲ್ಲ ಟ್ರೇಡ್‌ಮಾರ್ಕ್ ಲೆಕ್ಕ, ಅದು ಬೇರೆಯೇ. 2006ರಲ್ಲಿ ಲಿನಕ್ಸ್ ಹಂಚುವ ಡೆಬಿಯನ್‌ನವರು ಇದೇ ತಕರಾರಿಗೆ ಫೈರ್‌ಫಾಕ್ಸ್ ಬ್ರೌಸರನ್ನು ಐಸ್‌ವೀಸಲ್ ಅಂತ ಕರೆಯಬೇಕಾಯಿತು. ಮಾಡಿದವನ ಕಾಪಿರೈಟ್ ಸಾಲು ಮಾತ್ರ ಮುಟ್ಟಬಾರದು. ಮತ್ತೆ ಆ ಕೆಂಪಕ್ಷರ ತೆಗೆದುಬಿಡು. ನಿನಗೆ ಕಾಪಿ ಮಾಡುವ ಹಕ್ಕು ಬಂದದ್ದು ಯಾವ ಲೈಸೆನ್ಸಿನಿಂದಲೋ ಅದೇ ಲೈಸೆನ್ಸಿನಿಂದ ಅಡಿಕೆ ಅಂಗಡಿಯವರಿಗೂ ಆ ಹಕ್ಕು ಸಿಕ್ಕಿದೆ. ಅವರು ನಾಳೆ ತಮ್ಮ ತಮ್ಮನಿಗೆ ಸುಮ್ನೆ ಕೊಟ್ಟರೂ ನೀನು ಬೇಡ ಅನ್ನುವ ಹಾಗಿಲ್ಲ. ವ್ಯಾಪಾರ ಹೋಗ್ತದೆ ಅಂತೀಯಾ? ಜಿಎಸ್‌ಟಿ ರೇಟ್ ಬದಲಾದಾಗ, ಪ್ರಿಂಟರ್ ಕೈಕೊಟ್ಟಾಗ ಓಡಿ ಬರುವವನು ನೀನೇ ತಾನೇ? ಅದಕ್ಕೆ ಧೈರ್ಯವಾಗಿ ಜಾಸ್ತಿ ಕೇಳು.

ಮಾಡಬೇಕಾದ್ದು ದೊಡ್ಡ ಕೆಲಸವಲ್ಲ. ಲೈಸೆನ್ಸ್ ಫೈಲು, ಹಳೆಯ ಹೆಸರುಗಳು ವಾಪಸ್ ಬರಲಿ. ನೀನು ಏನು ಬದಲಿಸಿದ್ದೀಯೋ ಅದನ್ನೂ ತಾರೀಖನ್ನೂ ಬರೆ. ಗಿರಾಕಿಗೆ ಕೊಡುವ ಪೆನ್‌ಡ್ರೈವಿನಲ್ಲೇ ಸೋರ್ಸ್ ಕೋಡ್ ಹಾಕಿಬಿಡು, ನೀನು ತಿದ್ದಿದ್ದನ್ನೂ ಸೇರಿಸಿ. ಆವೃತ್ತಿ 3ರಲ್ಲಿ ತಿದ್ದಿಕೊಳ್ಳಲು ದಾರಿ ಇಟ್ಟಿದ್ದಾರೆ. ಮೊದಲ ಸಲ ನೋಟಿಸ್ ಬಂದವರು 30 ದಿನದೊಳಗೆ ಸರಿಪಡಿಸಿದರೆ ಹಕ್ಕು ಪೂರ್ತಿ ಮರಳುತ್ತದೆ. ನಿನಗೆ ನೋಟಿಸೇ ಬಂದಿಲ್ಲ, ಅಷ್ಟರೊಳಗೆ ಮುಗಿಸು. ಎಂಐಟಿ ಅಂತ ಇನ್ನೊಂದು ಸಡಿಲ ಲೈಸೆನ್ಸಿದೆ, ಅದರ ಮಾಲಾದರೆ ಸೋರ್ಸ್ ಕೊಡಬೇಕೆಂದಿಲ್ಲ, ಕಾಪಿರೈಟ್ ಸಾಲು, ಲೈಸೆನ್ಸ್ ಉಳಿಸಿದರೆ ಸಾಕು. ಏನೇ ಮಾರುವ ಮೊದಲು ಆ ಫೈಲು ತೆರೆದು ಓದು.

ಭಾನುವಾರ ಬಾ. ಅಡಿಕೆ ಅಂಗಡಿಯವರಿಗೆ ನಾನು ಏನೂ ಹೇಳಿಲ್ಲ, ನೀನೇ ಹೇಳು, ನಾನು ಜೊತೆಗೆ ಬರುತ್ತೇನೆ. ಬರುವಾಗ ಎರಡು ಪೆನ್‌ಡ್ರೈವ್ ತಾ. ಅಮ್ಮನಿಗೆ ಇವತ್ತೇ ಫೋನ್ ಮಾಡು.

ನಿನ್ನ ಮಾವ