ನಾಟಕದ ವಿಡಿಯೋ ಬೇಕಾದವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮೊನ್ನೆಯ ನಾಟಕದ ವಿಡಿಯೋ 14 ಜಿಬಿ ಇದೆ, ವಾಟ್ಸ್ಯಾಪಲ್ಲಿ 2 ಜಿಬಿ ದಾಟಲ್ಲ. ಬೇಕಾದವರು ಕಂಪ್ಯೂಟರಿಗೆ ಕ್ರಾಕ್ (ಸಿ-ಆರ್-ಒ-ಸಿ) ಹಾಕ್ಕೊಳ್ಳಿ, ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ದೊಡ್ಡ ಫೈಲ್ ಕಳಿಸೋ ತಂತ್ರಾಂಶ ಅದು. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತೆ. ಕಪ್ಪು ಪರದೆ ನೋಡಿ ಹೆದರಬೇಡಿ.

ಟರ್ಮಿನಲ್‌ನಲ್ಲಿ (ಆಜ್ಞೆ ಟೈಪಿಸೋ ಆ ಕಪ್ಪು ಪರದೆ) ಕ್ರಾಕ್ ಅಂತ ಇಂಗ್ಲಿಷಲ್ಲಿ ಟೈಪಿಸಿ ಎಂಟರ್ ಒತ್ತಿ. ಕೋಡ್ ಕೇಳುತ್ತೆ. ನಾಲ್ಕು ಅಂಕಿ, ಮೂರು ಇಂಗ್ಲಿಷ್ ಪದ, ನಡುವೆ ಅಡ್ಡಗೆರೆ. ಇದ್ದ ಹಾಗೇ ಕಾಪಿ ಮಾಡಿ ಹಾಕಿ, ಆಮೇಲೆ ವೈ ಒತ್ತಿ. ಒಬ್ಬೊಬ್ಬರಿಗೂ ಬೇರೆ ಕೋಡ್, ಹಾಗಾಗಿ ಗುಂಪಲ್ಲಿ ಹಾಕಲ್ಲ, ನಿಮಗೇ ಕಳಿಸ್ತೀನಿ.

ಇಳಿದು ಮುಗಿಯೋವರೆಗೆ ಇಬ್ಬರ ಕಂಪ್ಯೂಟರೂ ಆನ್ ಇರಬೇಕು. ಮೊನ್ನೆ ತಂಗಿಗೆ ಕಳಿಸುವಾಗ 9 ಜಿಬಿ ಹತ್ತಿರ ಕರೆಂಟ್ ಹೋಯ್ತು. ಮತ್ತೆ ಕಳಿಸಿದಾಗ ನಿಂತಲ್ಲಿಂದಲೇ ಶುರುವಾಯ್ತು. ಅರ್ಧ ಇಳಿದ ಫೈಲ್ ಮಾತ್ರ ಅಳಿಸಬೇಡಿ, ಹೆಸರೂ ಬದಲಿಸಬೇಡಿ.

ರಾತ್ರಿ 9ರ ಮೇಲೆ ನಾನು ಫ್ರೀ. ಮೊದಲು ಯಾರು?