ಸಾರುವೆ ಹತ್ತುವ ಮಗಳಿಗೆ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಇಂಗ್ಲೆಂಡಿನ ಕ್ಯಾಂಟರ್ಬರಿಯ ದೊಡ್ಡ ಚರ್ಚಾದ ಕ್ಯಾಥೆಡ್ರಲ್‌ನಲ್ಲಿ ಕಲ್ಲುಕೆಲಸ ಕಲಿಯಲು ಸೇರಿದ್ದೀಯೆಂದೂ, ಬರುವ ಸೋಮವಾರ ಮೊದಲ ಸಲ ಸಾರುವೆ ಹತ್ತುವೆಯೆಂದೂ ನಿನ್ನ ಅಮ್ಮನಿಂದ ತಿಳಿಯಿತು. ನೀನು ಹೊರಡುವ ಹಿಂದಿನ ರಾತ್ರಿ ನಾನು ಆಡಿದ ಮಾತು ಇಬ್ಬರಿಗೂ ನೆನಪಿದೆ; ಅದನ್ನು ಮತ್ತೆ ಬರೆಯುವುದಿಲ್ಲ.

ಸಿಟ್ಟಿನಲ್ಲೇ ಆ ಜಾಗದ ಚರಿತ್ರೆ ಓದಲು ಕುಳಿತವನು ಅಲ್ಲಿನ ಟ್ರಿನಿಟಿ ಚಾಪೆಲ್ ಎಂಬ ಪ್ರಾರ್ಥನಾಮಂದಿರದಿಂದ ಇನ್ನೂ ಹೊರಗೆ ಬಂದಿಲ್ಲ. 1170ರ ಡಿಸೆಂಬರ್ 29ರಂದು ಅಲ್ಲಿನ ಧರ್ಮಗುರು ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನನ್ನು ನಾಲ್ವರು ನೈಟ್ ಯೋಧರು ಚರ್ಚಿನೊಳಗೇ ಕಡಿದು ಕೊಂದದ್ದು, 1173ರಲ್ಲಿ ಪೋಪ್ ಅವನನ್ನು ಸಂತನೆಂದು ಸಾರಿದ್ದು ನಿನಗೇ ಚೆನ್ನಾಗಿ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸಿದವನು ಒಬ್ಬ ಮೇಸ್ತ್ರಿ. 1174ರ ಬೆಂಕಿಯಲ್ಲಿ ಚರ್ಚಿನ ಪೂರ್ವಭಾಗ ಸುಟ್ಟಾಗ ಅದನ್ನು ಮತ್ತೆ ಕಟ್ಟಲು ಫ್ರಾನ್ಸಿನಿಂದ ಬಂದ ಸಾನ್ಸ್ ಊರಿನ ವಿಲಿಯಂ, 1178ರಲ್ಲಿ ಕಮಾನುಚಾವಣಿ ಕೂರಿಸುವ ಸಿದ್ಧತೆಯಲ್ಲಿದ್ದಾಗ, ಕಾಲ ಕೆಳಗಿನ ತೊಲೆಗಳು ಮುರಿದು, 50 ಅಡಿ ಎತ್ತರದಿಂದ ಕಲ್ಲು ಮರಗಳ ಸಮೇತ ನೆಲಕ್ಕೆ ಬಿದ್ದನಂತೆ. ಬೇರೆ ಯಾರಿಗೂ ಗಾಯವಾಗಲಿಲ್ಲ, ಪೆಟ್ಟು ಬಿದ್ದದ್ದು ಮೇಸ್ತ್ರಿಯೊಬ್ಬನಿಗೇ ಎಂದು ಅಲ್ಲಿನ ಸನ್ಯಾಸಿ ಜರ್ವಾಸ್ ಬರೆದಿಟ್ಟಿದ್ದಾನೆ. ಅದಕ್ಕೆ ಮೊದಲು ಸೂರ್ಯಗ್ರಹಣವಾಗಿತ್ತು ಎಂಬುದನ್ನೂ ಬರೆಯಲು ಅವನು ಮರೆತಿಲ್ಲ. ನಿನ್ನ ಅಜ್ಜಿಯೂ ಮರೆಯುತ್ತಿರಲಿಲ್ಲ.

ಹಾಸಿಗೆಯಲ್ಲಿ ಮಲಗಿಯೇ ವಿಲಿಯಂ ಸ್ವಲ್ಪ ಕಾಲ ಕೆಲಸ ನಡೆಸಿದ, ಗುಣವಾಗದೆ ತನ್ನ ದೇಶಕ್ಕೆ ಮರಳಿದ. ಅವನ ಜಾಗಕ್ಕೆ ಬಂದ ಇಂಗ್ಲೆಂಡಿನ ಇನ್ನೊಬ್ಬ ವಿಲಿಯಂ ಆ ಚಾಪೆಲ್ಲನ್ನು 1184ರ ಹೊತ್ತಿಗೆ ಎತ್ತಿ ನಿಲ್ಲಿಸಿದ. 1220ರಲ್ಲಿ ಸಂತ ಬೆಕೆಟ್‌ನ ಅಸ್ಥಿ ಅಲ್ಲಿಗೆ ಬಂದಿತು. ಯಾತ್ರಿಕರು ಮೆಟ್ಟಿಲುಗಳನ್ನು ಸವೆಸಿದರು. 1538ರಲ್ಲಿ ರಾಜ ಎಂಟನೇ ಹೆನ್ರಿ ಸಮಾಧಿಯನ್ನೇ ಒಡೆಸಿದ. ಈಗ ಆ ಜಾಗದಲ್ಲಿ ಒಂದು ಮೇಣದ ಬತ್ತಿ ಉರಿಯುತ್ತದೆಯಂತೆ. ಇಷ್ಟೆಲ್ಲ ಓದಿದರೂ ಮನಸ್ಸು ಮುರಿದ ಆ ತೊಲೆಗಳ ಹತ್ತಿರಕ್ಕೇ ಹೋಗುತ್ತದೆ.

ಆದ್ದರಿಂದ ಹೇಳುತ್ತೇನೆ: ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೋ, ಹಲಗೆಯನ್ನು ಪರೀಕ್ಷಿಸದೆ ಕಾಲಿಡಬೇಡ, ಮಳೆಯಲ್ಲಿ ಹತ್ತಬೇಡ, ತಿಂಡಿ ಬಿಟ್ಟು ಕೆಲಸಕ್ಕೆ ಹೋಗುವ ಅಭ್ಯಾಸವನ್ನು ಇಲ್ಲಿಗೇ ನಿಲ್ಲಿಸು. ಉಪದೇಶ ಮಾಡಬಾರದೆಂದೇ ಪತ್ರ ಶುರುಮಾಡಿದ್ದೆ. ಎಂಟು ನೂರು ವರ್ಷಗಳಿಂದ ಜನ ಮೊಣಕಾಲೂರಿದ ಕಲ್ಲುಗಳ ನಡುವೆ ನನ್ನ ಮಗಳು ಉಳಿ ಹಿಡಿದು ನಿಲ್ಲುತ್ತಾಳೆ ಎಂದು ನಿನ್ನೆ ಪಕ್ಕದ ಮನೆಯವರಿಗೆ ನಾನೇ ಹೇಳಿಬಂದೆ. ಆ ರಾತ್ರಿ ನಿನಗೆ ಹೇಳಬೇಕಾಗಿದ್ದದ್ದು ಅದೇ ಮಾತು.

ಮೇಸ್ತ್ರಿ ಬಿದ್ದ ಕಥೆಯನ್ನು ನಿನ್ನ ಅಮ್ಮನಿಗೆ ಹೇಳಿಲ್ಲ. ಫೋನಿನಲ್ಲಿ ನೀನೂ ಬಾಯಿಬಿಡಬೇಡ.

ನಿನ್ನ ಅಪ್ಪ